ಬಾಲದ ಮೇಲಿನ ಬರ್ಫ

ಸಾಯಗಾಂವ, ತಾ. ಭಾಲ್ಕಿ
೨ ಜೂನ್ ೧೯೪೮

ಪತಿಯವರ ಚರಣಗಳಿಗೆ ಸುಭದ್ರಾಬಾಯಿಯ ನಮಸ್ಕಾರಗಳು.

ನಿಮ್ಮ ಕಾರ್ಡು ತಲುಪಿತು. ಮಾವನವರಿಗೆ ಓದಿ ಹೇಳಿದೆ. “ಹಾರುವಾಗ ವಿಮಾನದ ಮೈಮೇಲೆ ಬರ್ಫ ಕಟ್ಟುತ್ತದೆ, ಉಳಿದಂತೆ ಕ್ಷೇಮ” ಎಂದು ನೀವು ಬರೆದ ಸಾಲು ಬಂದಾಗ ಅವರು ಕುರಿಗೆ ಸೊಪ್ಪು ಹಾಕುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಬರ್ಫ ಕಟ್ಟೋದಂದ್ರ ಏನವ್ವಾ? ನರಸಿಂಗಗ ಥಂಡಿ ಆಗ್ಯಾದೇನು?”

“ಅವ್ರಿಗಲ್ರೀ ಮಾವಾ, ವಿಮಾನಕ್ಕ.”

“ವಿಮಾನಕ್ಕ ಥಂಡಿ ಆದ್ರ ಅವ್ನಿಗಿ ಆಗಂಗಿಲ್ಲೇನು?” ಎಂದು ಕೇಳಿ ಮತ್ತೆ ಸೊಪ್ಪಿನ ಕೆಲಸಕ್ಕೆ ಹೋದರು.

ಮದುವೆಯಾಗಿ ನೀವು ರಜೆ ಮುಗಿಸಿ ಹೊರಡುವವರೆಗೂ ಮನೆ ತುಂಬ ನೆಂಟರು. ನಿಮ್ಮನ್ನು ಏನನ್ನಾದರೂ ಕೇಳುವ ಸಲಿಗೆ ನನಗಿದೆಯೋ ಇಲ್ಲವೋ ತಿಳಿಯದು. ಆದರೂ ಕೇಳುತ್ತೇನೆ. ಬೀದರಿನಲ್ಲಿ ನಮ್ಮ ತಂದೆಯವರ ಮನೆಯ ಎದುರು ಅಮೀರ ಪಾಶಾ ಅವರ ಸೋಡಾ ಅಂಗಡಿ ಇತ್ತು. ಅಲ್ಲಿ ಕಟ್ಟಿಗೆ ಹೊಟ್ಟಿನಲ್ಲಿ ಮುಚ್ಚಿಟ್ಟ ಬರ್ಫದ ಮಂಜುಗಡ್ಡೆ ನೋಡಿದ್ದೇನೆ, ಆಣಿಕಲ್ಲು ಆರಿಸಿ ತಿಂದಿದ್ದೇನೆ. ಎರಡೂ ಕೈಯಲ್ಲಿ ಹಿಡಿದರೆ ಜಾರುತ್ತವೆ. ಅಷ್ಟು ಜೋರಾಗಿ ಓಡುವ ವಿಮಾನಕ್ಕೆ ಬರ್ಫ ಅಂಟಿಕೊಳ್ಳುವುದು ಹೇಗೆ? ಗಾಳಿಗೆ ಹಾರಿಹೋಗುವುದಿಲ್ಲವೇ?

ತಪ್ಪಾಗಿದ್ದರೆ ಕ್ಷಮಿಸಬೇಕು.

ಸುಭದ್ರಾಬಾಯಿ


ಶ್ರೀನಗರ
೨೧ ಜೂನ್ ೧೯೪೮

ಚಿ. ಸೌ. ಸುಭದ್ರಾಬಾಯಿಗೆ ಆಶೀರ್ವಾದಗಳು.

ಇಲ್ಲಿಯವರಿಗೆ ಮನೆಯಿಂದ ಬರುವ ಕಾಗದಗಳಲ್ಲಿ ರಜೆ ಯಾವಾಗ, ಪಗಾರ ಎಷ್ಟು ಎಂದಿರುತ್ತದೆ. ನೀನು ಬರ್ಫದ ಬಗ್ಗೆ ಕೇಳಿದ್ದೀ. ನನಗೇ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಕೆಲಸ ಕಿವಿಗೆ ವಾಯರ್‌ಲೆಸ್ ಹಾಕಿಕೊಂಡು ಟಕಟಕ ಒತ್ತುವುದು ಮಾತ್ರ. ನಮ್ಮ ಪೈಲಟ್ ಶರಫೋದ್ದೀನ ಸಾಹೇಬರನ್ನು ಕೇಳಿದೆ. ಅವರು ನಮ್ಮ ಔರಾದದವರು! ಡಕೋಟಾ ವಿಮಾನದಲ್ಲಿ, ಹಿಮದ ಗುಡ್ಡಗಳ ನಡುವೆ, ನಾವಿಬ್ಬರೂ ಊರಿನ ಮಾತಾಡುತ್ತ ಹೋಗುತ್ತೇವೆ. ಉಳಿದವರಿಗೆ ಒಂದಕ್ಷರ ತಿಳಿಯುವುದಿಲ್ಲ.

“ಅಲ್ಲೋ ನರಸಿಂಗ, ನಾ ಇಷ್ಟು ವರ್ಷ ಹಾರ್ಲತ್ತೀನಿ, ಯಾರೂ ಹಿಂಗ ಕೇಳಿದ್ದಿಲ್ಲ ನೋಡು” ಎಂದರು. ಆಮೇಲೆ ಹೇಳಿದರು.

ಎತ್ತರದ ಮೋಡದಲ್ಲಿ ನೀರಿನ ಸಣ್ಣ ಹನಿಗಳಿರುತ್ತವೆ. ಅವು ಬರ್ಫಕ್ಕಿಂತ ತಣ್ಣಗಿದ್ದರೂ ನೀರಾಗಿಯೇ ಇರುತ್ತವೆ. ವಿಮಾನ ಅವುಗಳಿಗೆ ತಾಗಿತೋ, ತಾಗಿದಲ್ಲೇ ಬರ್ಫ. ಮೇಲಿನಿಂದ ಬಂದು ಬೀಳುವುದಲ್ಲ, ಅಲ್ಲೇ ಹುಟ್ಟುವುದು. ಅದಕ್ಕೇ ಗಾಳಿಗೆ ಹಾರದು. ರೆಕ್ಕೆಯ ಮುಂದಿನ ಅಂಚಿನಲ್ಲಿ ಬೆಳೆಯುತ್ತ ಹೋಗುತ್ತದೆ. ಭಾರಕ್ಕಿಂತ ಆಕಾರದ ತೊಂದರೆ ದೊಡ್ಡದು. ಅಂಚು ನುಣುಪಾಗಿದ್ದರೆ ಗಾಳಿ ರೆಕ್ಕೆಯನ್ನು ಸವರಿಕೊಂಡು ಹೋಗುತ್ತ ಮೇಲೆತ್ತಿ ಹಿಡಿಯುತ್ತದೆ. ಒರಟಾದರೆ ಗಾಳಿ ಚದುರಿ ರೆಕ್ಕೆಯನ್ನು ಬಿಟ್ಟುಬಿಡುತ್ತದೆ. ಇಂಜಿನ್ನಿನ ಮುಂದೆ ತಿರುಗುವ ಪಂಖದ ಮೇಲೆ ಕಟ್ಟಿದ ಬರ್ಫ ಕಿತ್ತು ಬಂದು ಮೈಗೆ ಬಡಿದರೆ ಮನೆಯ ಮೇಲೆ ಕಲ್ಲು ಎಸೆದಂತೆ ಸಪ್ಪಳ.

ಭಯಪಡುವಂಥದ್ದೇನಿಲ್ಲ. ಅಪ್ಪನಿಗೆ ನಮಸ್ಕಾರ ಹೇಳು.

ನರಸಿಂಗ


ಸಾಯಗಾಂವ
೧೪ ಜುಲೈ ೧೯೪೮

ಪತಿಯವರಿಗೆ ಸುಭದ್ರಾಬಾಯಿಯ ನಮಸ್ಕಾರಗಳು.

ಬರ್ಫಕ್ಕಿಂತ ತಣ್ಣಗಿದ್ದೂ ನೀರು ನೀರಾಗಿರುತ್ತದೆ ಎಂಬುದನ್ನು ನಂಬಲು ನನಗೆ ಬಹಳ ದಿನ ಬೇಕಾಯಿತು. ನಿನ್ನೆ ಹಾಲಿಗೆ ಹೆಪ್ಪು ಹಾಕುವಾಗ ಹೊಳೆಯಿತು. ಹಾಲು ಉಗುರುಬೆಚ್ಚಗೆ ಸುಮ್ಮನೆ ಕೂತಿರುತ್ತದೆ, ಒಂದು ಚಮಚ ಮಜ್ಜಿಗೆ ತಾಗಿದರೆ ಸಾಕು, ಗಟ್ಟಿಯಾಗಲು ಹೊರಡುತ್ತದೆ. ಮೋಡದ ನೀರು ಹೆಪ್ಪಿಗಾಗಿ ಕಾಯುತ್ತಿರುತ್ತದೆ, ವಿಮಾನವೇ ಹೆಪ್ಪು. ಹೌದೋ ಅಲ್ಲವೋ ಸಾಹೇಬರನ್ನು ಕೇಳಿ ಹೇಳಿರಿ.

ನಿಮ್ಮ ಕಾಗದ ಒಡೆದು ಮತ್ತೆ ಅಂಟಿಸಿದಂತಿತ್ತು. ಇನ್ನು ಕೆಲವು ದಿನ ನನ್ನ ಕಾಗದ ಬರದಿದ್ದರೆ ಮಳೆಯಿಂದ ಟಪಾಲು ನಿಂತಿದೆ ಎಂದು ತಿಳಿಯಿರಿ. ನೀವೂ ಬರೆಯದಿದ್ದರೆ ನಡೆಯುತ್ತದೆ. ಇಲ್ಲಿ ಎಲ್ಲ ಕ್ಷೇಮ.

ಸುಭದ್ರಾಬಾಯಿ


ಶ್ರೀನಗರ
೨೮ ಆಗಸ್ಟ್ ೧೯೪೮

ಸುಭದ್ರಾಬಾಯಿಗೆ,

“ನೀವೂ ಬರೆಯದಿದ್ದರೆ ನಡೆಯುತ್ತದೆ” ಎಂದು ಬರೆದಿದ್ದೀ. ಆಮೇಲೆ ನಾನು ಬರೆದ ಎರಡು ಕಾಗದಗಳಿಗೂ ಉತ್ತರವಿಲ್ಲ. ನಿನ್ನ ಹೆಪ್ಪಿನ ಮಾತನ್ನು ಸಾಹೇಬರಿಗೆ ಓದಿ ಹೇಳಿದ್ದಕ್ಕೆ ಬೇಸರವಾಯಿತೇ? ಅವರು ನಕ್ಕರೆಂದು ಬರೆದಿದ್ದೆ, ಅದು ಖುಷಿಯ ನಗು. ಮನೆಯ ಹೆಣ್ಣುಮಗಳ ಕಾಗದವನ್ನು ಹೊರಗಿನವರ ಮುಂದೆ ಓದಬಾರದಿತ್ತು ಎನಿಸಿದ್ದರೆ ಇನ್ನು ಮುಂದೆ ಓದುವುದಿಲ್ಲ.

ಅಲ್ಲಿ ಮಳೆ ಇನ್ನೂ ನಿಂತಿಲ್ಲವೇ?

ನರಸಿಂಗ


ಭಾಲ್ಕಿ
೧೨ ಅಕ್ಟೋಬರ್ ೧೯೪೮

ಪತಿಯವರಿಗೆ ನಮಸ್ಕಾರಗಳು.

ನಿಮ್ಮ ಮೂರು ಕಾಗದಗಳು ನಿನ್ನೆ ಒಟ್ಟಿಗೇ ಬಂದವು. ನನಗೆ ಯಾವ ಬೇಸರವೂ ಇಲ್ಲ. ಓದಿರಿ, ಸಾಹೇಬರಿಗೂ ಓದಿ ಹೇಳಿರಿ. ಟಪಾಲು ಈಗಷ್ಟೇ, ಅದೂ ಭಾಲ್ಕಿಯವರೆಗೆ ಮಾತ್ರ, ಶುರುವಾಗಿದೆ, ಅದಕ್ಕೇ ಇಲ್ಲಿಗೆ ಬಂದು ಬರೆಯುತ್ತಿದ್ದೇನೆ. ನಿಜಾಮರ ಸರಕಾರ ಹೋಯಿತು, ಹಿಂದುಸ್ತಾನದ ಫೌಜು ಬಂತು. ಅದೆಲ್ಲ ನಿಮಗೆ ರೇಡಿಯೋದಲ್ಲಿ ತಿಳಿದಿರಬೇಕು.

ಸಪ್ಟೆಂಬರಿನಲ್ಲಿ ವಿಮಾನಗಳು ಬಂದವು. ಎಲ್ಲರೂ ದನದ ಕೊಟ್ಟಿಗೆಯೊಳಗೆ ಓಡಿದರು. ನಾನು ಬೇವಿನ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದೆ. ಮಾವನವರು ಒಳಗಿನಿಂದ, “ಏ ಹುಚ್ಚಿ, ಒಳಗ ಬಾ! ಮೊದ್ಲ ತಲಿ ಉಳಿಸ್ಕೊ, ಆಮ್ಯಾಲ ನೋಡು” ಎಂದು ಕೂಗಿದರು. ಅವುಗಳಲ್ಲಿ ನೀವಿದ್ದೀರೇನೋ ಎಂದುಕೊಂಡಿದ್ದೆ. ಇದ್ದಿರಾ?

ಒಂದು ಮಾತ್ರ ಸ್ಪಷ್ಟ ಕಂಡಿತು. ಹಿಂದೆ ಬಾಲದಲ್ಲಿ ಇನ್ನೆರಡು ಸಣ್ಣ ರೆಕ್ಕೆಗಳಿವೆ. ಎತ್ತಿ ಹಿಡಿಯಲು ಮುಂದಿನ ರೆಕ್ಕೆಗಳಿರುವಾಗ ಇವು ಯಾತಕ್ಕೆ? ಅವುಗಳ ಮೇಲೂ ಬರ್ಫ ಕಟ್ಟುತ್ತದೆಯೇ? ಕಟ್ಟಿದರೆ ಮುಂದೆ ಕೂತ ನಿಮಗೆ ಕಾಣುವುದು ಹೇಗೆ?

ಸುಭದ್ರಾಬಾಯಿ


ಶ್ರೀನಗರ
೩೦ ಅಕ್ಟೋಬರ್ ೧೯೪೮

ಸುಭದ್ರಾಬಾಯಿಗೆ,

ನಿನ್ನ ಕಾಗದ ಕಂಡು ಜೀವ ಬಂತು. ನಾನು ಆ ವಿಮಾನಗಳಲ್ಲಿ ಇರಲಿಲ್ಲ. ಇಲ್ಲಿಯೇ ಗುಡ್ಡದಾಚೆಯ ಊರಿಗೆ ಅಕ್ಕಿ, ಮದ್ದುಗುಂಡು, ಕಂಬಳಿ ಹೊರುತ್ತಿದ್ದೆ. ಆ ಊರಿನ ಹೆಸರು ಬರೆಯುವಂತಿಲ್ಲ.

ಬಾಲದ ರೆಕ್ಕೆಗಳು ವಿಮಾನದ ಸಮತೋಲಕ್ಕೆ. ಅವಿಲ್ಲದಿದ್ದರೆ ಮೂತಿ ಎತ್ತಲೋ ಇಳಿಸಲೋ ಆಗದು. ಬರ್ಫ ಅಲ್ಲಿಯೂ ಕಟ್ಟುತ್ತದೆ. ನಮಗೆ ಕಾಣುವುದಿಲ್ಲ. ಕೆಲವು ವಿಮಾನಗಳ ಅಂಚಿಗೆ ರಬ್ಬರು ಪಟ್ಟಿ ಇರುತ್ತದೆ, ಅದು ಉಬ್ಬಿ ಬರ್ಫ ಒಡೆಯುತ್ತದೆ. ನಮ್ಮದು ಸೆಕೆಯ ನಾಡಿಗೆಂದು ಬಂದ ವಿಮಾನ, ಅದಕ್ಕೆ ಪಟ್ಟಿಯಿಲ್ಲ.

ಈಗ ನನ್ನದೊಂದು ಕೇಳಿಕೆ. ಶರಫೋದ್ದೀನ ಸಾಹೇಬರ ತಾಯಿ ಬಿಸ್ಮಿಲ್ಲಾಬೀ ಔರಾದದಲ್ಲಿ ಒಬ್ಬರೇ ಇರುತ್ತಾರೆ. ಸಪ್ಟೆಂಬರಿನಿಂದ ಅವರ ಸುದ್ದಿಯಿಲ್ಲ. ಆ ಕಡೆಯ ಹಳ್ಳಿಗಳಲ್ಲಿ ಆಮೇಲೆ ಮುಸಲ್ಮಾನರಿಗೆ ಏನೇನಾಯಿತೆಂದು ಇಲ್ಲಿ ಬಾಯಿಂದ ಬಾಯಿಗೆ ಮಾತು ಬಂದಿದೆ. ಸಾಹೇಬರು ಯಾರನ್ನೂ ಕೇಳುವುದಿಲ್ಲ. ಊಟ ಬಿಟ್ಟಿದ್ದಾರೆ. ಅಪ್ಪ ಆ ಕಡೆ ಹೋದರೆ ವಿಚಾರಿಸಲಿ.

ನರಸಿಂಗ


ಸಾಯಗಾಂವ
೨೦ ನವೆಂಬರ್ ೧೯೪೮

ನಮಸ್ಕಾರ.

ಬಿಸ್ಮಿಲ್ಲಾಬೀ ಅವರು ಜೀವಂತ ಇದ್ದಾರೆ. ಮೊದಲು ಇಷ್ಟನ್ನು ಸಾಹೇಬರಿಗೆ ಹೇಳಿಬಂದು ಉಳಿದದ್ದನ್ನು ಓದಿರಿ.

ಮಾವನವರು ಹೊರಟಾಗ ನಾನೂ ಬರುತ್ತೇನೆಂದು ಹಟ ಮಾಡಿದೆ. ಔರಾದದಲ್ಲಿ ಅವರ ಮನೆಗೆ ಕೀಲಿ ಬಿದ್ದಿತ್ತು. ಬಾಗಿಲು ಅರ್ಧ ಸುಟ್ಟಿತ್ತು. ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಮಾವನವರು ನಿಮ್ಮ ಹೆಸರು, ಸಾಹೇಬರ ಹೆಸರು ಹೇಳಿದ ಮೇಲೆ ಪಕ್ಕದ ಮನೆಯ ಕಾಶೀರಾಮ ಎಂಬ ಒಕ್ಕಲಿಗರು ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

“ನಮ್ಮ ಮನ್ಯಾಗೇ ಅದಾರ್ರಿ. ಜ್ವಾಳ ತುಂಬಿಡೋ ನೆಲಗುಂಡಿ, ಹಗೇವು ಇರೋ ಖೋಲ್ಯಾಗ ಇಟ್ಟೀವಿ. ಹೊರಗ ಯಾರಿಗೂ ಹೇಳಿಲ್ಲ” ಎಂದರು.

ಬಿಸ್ಮಿಲ್ಲಾಬೀ ಗೋಡೆ ಹಿಡಿದು ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು.

“ನನ್ನ ಬೇಟಾ ಎಲ್ಲಿ ಅದಾನವ್ವಾ?”

“ಬರ್ಫದ ಗುಡ್ಡದ ಮ್ಯಾಲ ಹಾರ್ತಾರ್ರಿ ಅಮ್ಮಾ. ನಮ್ಮವ್ರು ಅವ್ರ ಸಂಗಾಟನೇ ಇರ್ತಾರ.”

“ಆಸಮಾನದಾಗ ಬರ್ಫ ಎಲ್ಲಿಂದ ಬರ್ತದವ್ವಾ?”

ನಾನು ನೆಲದ ಮೇಲೆ ಕೂತು ಮೋಡ, ಹೆಪ್ಪು, ರೆಕ್ಕೆ ಎಲ್ಲ ಹೇಳಿದೆ. ಪೂರಾ ಕೇಳಿ, “ಹಂಗಾದ್ರ ಮೋಡದಾಗ ಹೋಗಬ್ಯಾಡಂತ ಹೇಳು ಅವ್ನಿಗಿ” ಎಂದರು. ಕಾಶೀರಾಮ ಅವರು ನಕ್ಕರು. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಕ್ಕಿದ್ದಂತೆ.

ಈಗ ಬಿಸ್ಮಿಲ್ಲಾಬೀ ನಮ್ಮ ಮನೆಯಲ್ಲಿದ್ದಾರೆ. ಗಾಡಿಯಲ್ಲಿ ಕರೆತಂದೆವು. ಊರಲ್ಲಿ ಕೆಲವರು ಮುಖ ತಿರುಗಿಸಿದರು. ಮಾವನವರು ಲಕ್ಷ್ಯ ಕೊಡಲಿಲ್ಲ.

ಸುಭದ್ರಾ


ಶ್ರೀನಗರ
೫ ಡಿಸೆಂಬರ್ ೧೯೪೮

ಸುಭದ್ರಾಬಾಯಿಗೆ,

ನಿನ್ನ ಕಾಗದ ತಲುಪಿತು. ಸಾಹೇಬರಿಗೆ ತಿಳಿಸಿದೆ. ಅವರ ಕೃತಜ್ಞತೆ ಹೇಳಲು ಮಾತಿಲ್ಲ. ಇಲ್ಲಿ ಕೆಲಸ ಬಹಳ, ಹೆಚ್ಚು ಬರೆಯಲಾಗದು. ಈ ಸಲ ಉರ್ದುವಿನಲ್ಲಿ ಬರೆಯುತ್ತಿದ್ದೇನೆ, ಹಾಗಾದರೆ ಕಾಗದದ ತಪಾಸಣೆ ಬೇಗ ಮುಗಿಯುತ್ತದೆ. ನಾನು ಕ್ಷೇಮ.

ನರಸಿಂಗ


ಸಾಯಗಾಂವ
೨೨ ಡಿಸೆಂಬರ್ ೧೯೪೮

ನಮಸ್ಕಾರ.

ಉರ್ದು ಶಾಲೆಯಲ್ಲಿ ಓದಿದವಳು ನಾನು. ನಿಮ್ಮ ಕಾಗದ ಓದಲು ತೊಂದರೆಯಾಗಲಿಲ್ಲ. ಆದರೆ ಬರೆದ ಕೈ ನಿಮ್ಮದಲ್ಲ. ಬಿಸ್ಮಿಲ್ಲಾಬೀ ಅವರ ಕೈಗೆ ಕೊಟ್ಟೆ. ಓದಲು ಬರದಿದ್ದರೂ ಅಕ್ಷರಗಳ ಮೇಲೆ ಬೆರಳಾಡಿಸಿ, “ಇದು ನನ್ನ ಶರಫುನ ಬರವಣಿಗೆ” ಎಂದರು. ಅವರ ಮಗ ಇದ್ದಾನೆಂದು ಅವರಿಗೆ ಖುಷಿ. ನಾನು ಹಿತ್ತಲಿಗೆ ಹೋಗಿ ಕೂತೆ. ನೀವು ಇಲ್ಲವೆಂದೂ, ನನಗೆ ತಿಳಿಯಬಾರದೆಂದು ಸಾಹೇಬರು ನಿಮ್ಮ ಹೆಸರಿನಲ್ಲಿ ಬರೆಯುತ್ತಿದ್ದಾರೆಂದೂ ನನಗನಿಸಿತು. ಮಾವನವರಿಗೆ ಇನ್ನೂ ಹೇಳಿಲ್ಲ.

ನಾನೂ ನಿಮಗೆ ಮುಚ್ಚಿಟ್ಟಿದ್ದೇನೆ. ಅದನ್ನು ಮೊದಲು ಬರೆಯುತ್ತೇನೆ, ಆಮೇಲೆ ನೀವು ಬರೆಯಬೇಕು. ಜುಲೈಯಲ್ಲಿ ಟಪಾಲು ನಿಂತದ್ದು ಮಳೆಯಿಂದಲ್ಲ. ಹಿಂದುಸ್ತಾನದ ವಿಮಾನದಲ್ಲಿ ಮಗ ಇರುವ ಮನೆ ಯಾವುದೆಂದು ನಿಜಾಮರ ಕಡೆಯ ಬಂದೂಕಿನವರು ಹುಡುಕಿಕೊಂಡು ಬಂದರು. ಮಾವನವರನ್ನು ಭಾಲ್ಕಿಗೆ ಒಯ್ದು ಹೊಡೆದರು. ಈಗಲೂ ಎಡಗಾಲು ಎಳೆದು ನಡೆಯುತ್ತಾರೆ. ಬಂದೂಕಿನವರು ಒಳಗೆ ಬರುವ ಮೊದಲೇ ನಿಮ್ಮ ಕಾಗದಗಳನ್ನು ನಾನೇ ಒಲೆಗೆ ಹಾಕಿದೆ. ಆಮೇಲೆ ಫೌಜು ಬರುವವರೆಗೂ ಕಬ್ಬಿನ ಹೊಲದ ದನದ ಕೊಟ್ಟಿಗೆಯಲ್ಲಿದ್ದೆವು. ಬರೆದರೆ ನೀವು ಹಾರುವಾಗ ಚಿಂತೆ ಮಾಡುತ್ತೀರೆಂದು ಬರೆಯಲಿಲ್ಲ.

ಅಳುವುದಕ್ಕೆ ಕೇಳುತ್ತಿಲ್ಲ. ಏನಾಯಿತು, ಹೇಗಾಯಿತು, ಎಲ್ಲ ಗೊತ್ತಾಗಬೇಕು. ನಿಮಗೆ ಬರೆಯಲಾಗದಿದ್ದರೆ ಸಾಹೇಬರೇ ತಮ್ಮ ಹೆಸರಿನಲ್ಲಿ ಬರೆಯಲಿ.

ಸುಭದ್ರಾ


ಶ್ರೀನಗರ, ಆಸ್ಪತ್ರೆ
೧೪ ಜನವರಿ ೧೯೪೯

ಸುಭದ್ರಾ,

ಇದು ಎಡಗೈಯ ಅಕ್ಷರ. ಸಣ್ಣ ಮಕ್ಕಳ ಹಾಗೆ ದಿನಕ್ಕಿಷ್ಟು ಎಂದು ಬರೆಯುತ್ತಿದ್ದೇನೆ. ಇದ್ದೇನೆ. ಅಪ್ಪನ ಕಾಲಿನ ಸುದ್ದಿ ಓದಿ ಆ ದಿನ ಏನೂ ಬರೆಯಲಾಗಲಿಲ್ಲ.

ನವೆಂಬರ್ ಕೊನೆಯ ವಾರ. ನಿನ್ನ ಕಾಗದ ಇನ್ನೂ ಬಂದಿರಲಿಲ್ಲ. ಸಾಹೇಬರು ತಾಯಿಯ ಸುದ್ದಿ ತಿಳಿಯದೆ ಹಾರಿದರು. ಜನ ಕಡಿಮೆಯಿದ್ದುದರಿಂದ ಪಕ್ಕದ ಪೈಲಟ್ ಆಸನ ಖಾಲಿ. ದಾರಿಯ ಕಣಿವೆ ಮೋಡದಿಂದ ಮುಚ್ಚಿತ್ತು. ಒಳಗೆ ಹೊಕ್ಕೆವು. ಮುಂದಿನ ಗಾಜು ಬೆಳ್ಳಗಾಯಿತು. ಪಂಖದಿಂದ ಬರ್ಫ ಬಡಿಯತೊಡಗಿತು. ವೇಗ ಇಳಿಯಿತು. ಸಾಹೇಬರು, “ಕೀಲು ಬಿಗೀಲತ್ತಾವ, ಹೊಳ್ಳಸಲಿಕ್ಕಿ ಜೋರು ಹಾಕಬೇಕಾಗ್ಯಾದ” ಎನ್ನುತ್ತ ಬಿಗಿಯಾದ ಹಿಡಿಕೋಲನ್ನು ಬಲ ಹಾಕಿ ತಿರುಗಿಸುತ್ತಿದ್ದರು. ಮೋಡದ ಕೆಳಗೆ ಬಂದ ಮೇಲೆ ರೆಕ್ಕೆಗಳ ಬರ್ಫ ತುಂಡುತುಂಡಾಗಿ ಕಳಚಿತು. ದೂರದಲ್ಲಿ ಇಳಿಯುವ ಮೈದಾನ ಕಂಡಿತು. ಇಬ್ಬರೂ ಉಸಿರು ಬಿಟ್ಟೆವು.

ಆಗ ನಿನ್ನ ಪ್ರಶ್ನೆ ನೆನಪಾಯಿತು. “ಸಾಹೇಬ್ರ, ಬಾಲ?” ಎಂದೆ.

“ಹೋಗಿ ನೋಡು” ಎಂದರು.

ಸಾಮಾನು ಎಸೆಯಲೆಂದು ಹಿಂದಿನ ಬಾಗಿಲು ಕಳಚಿರುತ್ತದೆ. ಹಗ್ಗ ಕಟ್ಟಿಕೊಂಡು ನೆಲಕ್ಕೆ ಬೋರಲು ಮಲಗಿ ತಲೆ ಹೊರಗೆ ಹಾಕಿದೆ. ಕನ್ನಡಕದ ಮೇಲೆ ಬರ್ಫ ಕೂತು ಏನೂ ಕಾಣಲಿಲ್ಲ. ಒರೆಸಲು ಬಲಗೈಯ ಗವಸು ತೆಗೆದೆ, ಗವಸು ಗಾಳಿಗೆ ಹೋಯಿತು. ಬರಿಗೈಯಲ್ಲಿ ಬಾಗಿಲಿನ ಕಬ್ಬಿಣ ಹಿಡಿದು ನೋಡಿದೆ. ಬಾಲದ ಸಣ್ಣ ರೆಕ್ಕೆಯ ಅಂಚಿನುದ್ದಕ್ಕೂ ಬರ್ಫ, ಟಗರಿನ ಕೊಂಬಿನ ಹಾಗೆ ಮೇಲೂ ಕೆಳಗೂ ಬಾಗಿ, ಒರಟಾಗಿ ನಿಂತಿತ್ತು. ಒಂದು ಚೂರೂ ಕಳಚಿರಲಿಲ್ಲ.

ಬಂದು ಹೇಳಿದೆ. “ರೆಕ್ಕಿ ಸಾಫ್ ಆಗ್ಯಾವ. ಬಾಲದಾಗ ಹಂಗೇ ಅದ್ರಿ.”

“ಕುಂದ್ರು ಇಲ್ಲೇ. ಇಳಿದೇ ಬಿಡಮು” ಎಂದು ಖಾಲಿ ಆಸನ ತೋರಿಸಿದರು.

ಇಳಿಯುವಾಗ ರೆಕ್ಕೆಯ ಹಿಂದಿನ ಹಲಗೆಗಳನ್ನು ಕೆಳಗೆ ಬಾಗಿಸುತ್ತಾರೆ. ಅವಕ್ಕೆ ಫ್ಲಾಪ್ ಎನ್ನುತ್ತಾರೆ, ಅವು ವಿಮಾನವನ್ನು ನಿಧಾನ ಮಾಡುತ್ತವೆ. ಸ್ವಲ್ಪ ಇಳಿಸಿದಾಗ ಏನೂ ಆಗಲಿಲ್ಲ. ಇನ್ನಷ್ಟು ಇಳಿಸಿದರು. ಸಾಹೇಬರ ಕೈಯಲ್ಲಿದ್ದ ಹಿಡಿಕೋಲು ಒಮ್ಮೆ ನಡುಗಿತು. ಯಾರೋ ಎದುರಿನಿಂದ ಕಸಿದುಕೊಂಡ ಹಾಗೆ ಮುಂದಕ್ಕೆ ಹಾರಿಹೋಯಿತು. ಮೂತಿ ನೆಟ್ಟಗೆ ನೆಲದ ಕಡೆ ತಿರುಗಿತು. ಕಲ್ಲು, ನದಿ, ಒಂದು ಗೋಡೆ ಕಂಡವು.

“ಎಳಿ! ಎಳಿಯೋ ನರಸಿಂಗ!”

ಇಬ್ಬರೂ ಎಳೆದೆವು. ಬರಲಿಲ್ಲ.

“ಫ್ಲಾಪ್ ಮ್ಯಾಲ ತಗೀ! ಅದು ಹಾಕಿದ ಮ್ಯಾಲೇ ಹಿಂಗಾಗ್ಯಾದ, ತಗದ್ರ ಹೋಗ್ತದ!”

ಬಲಗೈಯಲ್ಲಿ ಫ್ಲಾಪಿನ ಹಿಡಿಕೆ ಹಿಡಿದೆ. ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಮೈಭಾರವೆಲ್ಲ ಹಾಕಿ ಎಳೆದೆ. ಹಿಡಿಕೋಲು ಸಡಿಲಾಯಿತು, ಮೂತಿ ಎದ್ದಿತು. ಫ್ಲಾಪ್ ಇಲ್ಲದೆ ಜೋರಾಗಿ ಇಳಿದು, ಮೈದಾನ ದಾಟಿ ಕಲ್ಲುಗಳಿಗೆ ಹೋಗಿ ನಿಂತೆವು. ಒಂದು ಗಾಲಿ ಮುರಿಯಿತು. ಮನುಷ್ಯರಿಗೆ ಏನೂ ಆಗಲಿಲ್ಲ, ನನ್ನ ಬೆರಳುಗಳ ಹೊರತು. ಬಲಗೈಯ ಎರಡು ಬೆರಳುಗಳ ತುದಿ ಕರ್ರಗಾಗಿ ಹೋದವು. ಡಾಕ್ಟರು ಕತ್ತರಿಸಿದ್ದಾರೆ. ಇದನ್ನೇ ಮುಚ್ಚಿಟ್ಟದ್ದು, ಆ ಉರ್ದು ಕಾಗದ ಸಾಹೇಬರಿಂದ ನಾನೇ ಬರೆಸಿದ್ದು.

ನಿನ್ನ ಕಾಗದ ಮರುದಿನ ಬಂತು. ಸಾಹೇಬರು ನನ್ನ ಮಂಚದ ಪಕ್ಕ ನಿಂತು ಅದನ್ನು ಎರಡು ಸಲ ಓದಿಸಿಕೊಂಡು, ಆಮೇಲೆ ಊಟಕ್ಕೆ ಹೋದರು.

ಈಗ ವಿಚಾರಣೆ ನಡೆದಿದೆ. ಬಡಿತಕ್ಕೆ ಬಾಲದ ಬರ್ಫವೆಲ್ಲ ಉದುರಿದ್ದರಿಂದ ನೋಡಿದವನು ನಾನೊಬ್ಬನೇ. “ಪೈಲಟ್ ಮನಸ್ಸು ನೆಟ್ಟಗಿತ್ತೇ?” ಎಂದು ಕೇಳಿದರು. ತಾಯಿಯ ಚಿಂತೆಯಿತ್ತು ಎಂದು ನಿಜ ಹೇಳಿದೆ. ಅದು ಅವರಿಗೆ ಮುಳುವಾಯಿತು. ಇಂಥ ಕಾಲದಲ್ಲಿ, ಇಂಥ ಹೆಸರಿನವರ ಬಗ್ಗೆ, ಊಟದ ಮನೆಯಲ್ಲಿ ಕೆಲವರು ಇನ್ನೂ ಕೆಟ್ಟದ್ದನ್ನು ಪಿಸುಗುಡುತ್ತಾರೆ. ವಿಚಾರಣೆಯವರ ಪ್ರಶ್ನೆ ಒಂದೇ. “ಬಾಲದ ಮೇಲೆ ಬರ್ಫ ಕೂತರೆ ಬಾಲ ಭಾರವಾಗಿ ಕೆಳಗಿಳಿಯಬೇಕು, ಮೂತಿ ಮೇಲೇಳಬೇಕು. ನಿಮ್ಮದು ಉಲ್ಟಾ ಹೇಗೆ?” ಇದರ ಉತ್ತರಕ್ಕಾಗಿ ಸಾಹೇಬರು ಕಾಗದದ ಮೇಲೆ ಬರೆದು ಬರೆದು ಹರಿಯುತ್ತಿದ್ದಾರೆ. ಇನ್ನೊಮ್ಮೆ ಕರೆಯುತ್ತಾರೆ.

ನರಸಿಂಗ


ಸಾಯಗಾಂವ
೬ ಫೆಬ್ರುವರಿ ೧೯೪೯

ನಮಸ್ಕಾರ.

ಕಾಗದವನ್ನು ಮನೆಯಲ್ಲಿ ಎಲ್ಲರಿಗೂ ಓದಿದೆ. ಮಾವನವರು ನಿಮ್ಮ ಬೆರಳಿನ ಸಾಲಿಗೆ ಬಂದಾಗ ನಿಲ್ಲಿಸಲು ಹೇಳಿದರು, ನೀರು ಕುಡಿದು, “ಮುಂದ ಓದು” ಎಂದರು. ಬಿಸ್ಮಿಲ್ಲಾಬೀ ನನ್ನ ತಲೆ ನೇವರಿಸಿದರು. ನಾನೂ ಸ್ವಲ್ಪ ಅತ್ತೆ. ಆಮೇಲೆ ಆ ಉಲ್ಟಾ ಮಾತು ತಲೆಗೆ ಹೊಕ್ಕಿತು. ಮೂರು ದಿನ ರೊಟ್ಟಿ ಸುಟ್ಟವು.

ನಿನ್ನೆ ಜೋಳದ ಚೀಲ ಹೇರಿಕೊಂಡು ಭಾಲ್ಕಿ ಬಜಾರಕ್ಕೆ ಹೊರಟಿದ್ದೆವು. ಗಾಡಿ ಮುಂಭಾರವಾಗಿತ್ತು. ನೊಗ ಎತ್ತುಗಳ ಕೊರಳು ಒತ್ತುತ್ತದೆಂದು ಮಾವನವರು ಹಿಂದಿನ ತುದಿಗೆ ಕೂತರು, ನೊಗ ಹಗುರಾಯಿತು. ಹಳ್ಳದ ಹತ್ತಿರ ಇಳಿಜಾರು ಬಂದಾಗ ಅವರು ಏನನ್ನೋ ನೋಡಲು ತಟ್ಟನೆ ಜಾರಿ ಇಳಿದರು. ನೊಗ ಧಪ್ಪನೆ ಕುಸಿದು ಎತ್ತು ಮೊಳಕಾಲೂರಿತು.

“ಮಾವಾ, ಇನ್ನೊಮ್ಮಿ ಹತ್ತಿ ಇಳೀರಿ” ಎಂದೆ.

“ಕಾಲು ಕುಂಟ ಆದವ್ನಿಗಿ ಕುಣಸ್ಲತ್ತೀ ಏನು?” ಎಂದರು. ಆದರೆ ಮತ್ತೆ ಹತ್ತಿದರು, ಇಳಿದರು. ಎತ್ತುಗಳಿಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು.

ನೀವು ಬಾಲದ ರೆಕ್ಕೆ ಸಮತೋಲಕ್ಕೆ ಎಂದಿದ್ದಿರಿ. ಅದೂ ಮುಂದಿನ ರೆಕ್ಕೆಯ ಹಾಗೆ ಮೇಲೆತ್ತುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲದೆ, ಗಾಡಿಯ ಹಿಂದೆ ಕೂತವರ ಹಾಗೆ ಅದು ಕೆಳಕ್ಕೆ ಒತ್ತುತ್ತಿದ್ದರೆ? ಒತ್ತುವವರು ಬಿಟ್ಟು ಇಳಿದರೆ ಮೂತಿ ಕುಸಿಯುವುದೇ ಸರಿ. ಬರ್ಫಕ್ಕೆ ಹೆದರಿ ಇಳಿದವರು ಯಾರು, ಫ್ಲಾಪ್ ಹಾಕಿದಾಗಲೇ ಏಕೆ ಇಳಿದರು ಎಂಬುದು ನನಗೆ ತಿಳಿಯುತ್ತಿಲ್ಲ. ಬಹುಶಃ ಬರ್ಫದ ಭಾರಕ್ಕೆ ಬಾಲ ಮುರಿಯುವಂತಾಗಿತ್ತೇ?

ಹುಚ್ಚು ಮಾತಾಗಿದ್ದರೆ ಹರಿದುಹಾಕಿರಿ. ಕಂಡದ್ದನ್ನು ಮಾತ್ರ ಬಿಡದೆ ಹೇಳಿರಿ.

ಸುಭದ್ರಾ


ಶ್ರೀನಗರ
೯ ಮಾರ್ಚ್ ೧೯೪೯

ಸುಭದ್ರಾ,

ಎರಡನೆಯ ಸಲದ ವಿಚಾರಣೆಗೆ ಹೊರಗಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದ್ದರು. ನಾನು ಕಂಡದ್ದನ್ನು ಮೊದಲಿನಿಂದ ಹೇಳಿದೆ. ಉಲ್ಟಾ ಪ್ರಶ್ನೆ ಮತ್ತೆ ಬಂತು. ಗಾಡಿಯ ಮಾತು 'ನನ್ನ ಹೆಂಡತಿ ಬರೆದಿದ್ದಾಳೆ' ಎಂದು ಹೇಳಿಯೇ ಹೇಳಿದೆ. ಯಾರೋ ನಕ್ಕರು. ಎಂಜಿನಿಯರರು ನಗಲಿಲ್ಲ, ಗಾಡಿಯ ಚಿತ್ರ ಬರೆಯತೊಡಗಿದರು.

ಅರ್ಧ ಸರಿ ಎಂದರು. ಬಾಲ ಕೆಳಕ್ಕೇ ಒತ್ತುತ್ತದೆಯಂತೆ. ಭಾರದ್ದು, ಮುರಿಯುವುದರದ್ದು ತಪ್ಪು. ಒತ್ತುವುದು ಗಾಳಿ. ಫ್ಲಾಪ್ ಇಳಿಸಿದಾಗ ರೆಕ್ಕೆಯಿಂದ ಹೊರಟ ಗಾಳಿ ಕೆಳಮುಖವಾಗಿ ಬಾಲಕ್ಕೆ ಬಡಿಯುತ್ತದೆ. ಅಂಚು ನುಣುಪಾಗಿದ್ದರೆ ಬಾಲ ತಡೆದುಕೊಳ್ಳುತ್ತದೆ. ಬರ್ಫದಿಂದ ಒರಟಾಗಿದ್ದರೆ ಗಾಳಿ ಅದನ್ನು ಹಿಡಿದಿರಲಾರದೆ ಬಿಟ್ಟುಬಿಡುತ್ತದೆ. ಹಿಂದೆ ಕೂತವನು ಇಳಿದ. ಹೀಗಾಗಿರಬಹುದು, ಇನ್ನೂ ಪರೀಕ್ಷಿಸಿ ನೋಡಬೇಕು, ಆದರೆ ಫ್ಲಾಪ್ ಮೇಲೆತ್ತಿದ್ದರಿಂದಲೇ ನೀವು ಬದುಕಿದಿರಿ ಎಂದರು.

ನಿರ್ಣಯದಲ್ಲಿ ಕಾರಣ ಖಚಿತವಿಲ್ಲ ಎಂದೇ ಬರೆದಿದ್ದಾರೆ. ಸಾಹೇಬರ ಮೇಲೆ ತಪ್ಪು ಹೊರಿಸಿಲ್ಲ. ಬರ್ಫದ ಮೋಡದಿಂದ ಬಂದವರು ಬಾಲ ನೋಡದೆ ಫ್ಲಾಪ್ ಪೂರಾ ಇಳಿಸಬಾರದೆಂದು ನಮ್ಮ ತುಕಡಿಗೆ ಹುಕುಂ ಬಂದಿದೆ. ಸಾಹೇಬರು ನಿನ್ನೆ ಮತ್ತೆ ಹಾರಿದರು. ಹೊರಡುವಾಗ, “ನಿನ್ನ ಹೆಂಡ್ತಿಗಿ ಹೇಳು, ಇನ್ನೊಂದು ಚಿಂತಿ ಅದ. ರಾತ್ರಿ ಹೊತ್ತು ಬಾಲ ಯಾರಿಗಿ ಕಾಣ್ತದ?” ಎಂದರು. ಮುಂದಿನ ತಿಂಗಳು ರಜೆಯ ಮೇಲೆ ತಾಯಿಯ ಹತ್ತಿರ ಬರುತ್ತಾರೆ.

ನನ್ನ ಬೆರಳಿಗೆ ಮೊದಲಿನ ವೇಗ ಬರುವುದಿಲ್ಲ. ಇನ್ನು ಹಾರುವಂತಿಲ್ಲ. ಅಂಬಾಲಾದಲ್ಲಿ ಹೊಸಬರಿಗೆ ವಾಯರ್‌ಲೆಸ್ ಕಲಿಸುವ ಕೆಲಸ ಕೊಡುತ್ತೇವೆ, ಬೇಡವಾದರೆ ಬಿಡುಗಡೆ ತಗೊ ಎಂದಿದ್ದಾರೆ. ಬಿಡುಗಡೆಗೇ ಬರೆದುಕೊಡಬೇಕೆಂದಿದ್ದೇನೆ. ನೀನು ವಿಮಾನದಲ್ಲಿ ಹಾರುವವನನ್ನು ಮದುವೆಯಾದೆ. ಈಗ ಬರುವವನು ಬೇರೆ. ಊರಲ್ಲಿ ಕುರಿ ಕಾಯಲು ಎಂಟು ಬೆರಳು ಸಾಕು.

ನರಸಿಂಗ


ಸಾಯಗಾಂವ
೨೮ ಮಾರ್ಚ್ ೧೯೪೯

ನಮಸ್ಕಾರ.

ನಿಮ್ಮ ಕಾಗದದ ಕೊನೆಯ ಭಾಗವನ್ನು ಮಾತ್ರ ಯಾರಿಗೂ ಓದಿ ಹೇಳಲಿಲ್ಲ.

ನನ್ನನ್ನು ಹಾರುವವರಿಗೆ ಕೊಟ್ಟದ್ದಲ್ಲ, ಮಾವ ಧೊಂಡಿಬಾ ಅವರ ಮಗನಿಗೆ ಕೊಟ್ಟದ್ದು. ಆಮೇಲೆ ಕಾಗದ ಬರೆಯುತ್ತ ಬರೆಯುತ್ತ ನಾನೇ ಒಪ್ಪಿಕೊಂಡೆ, ಅದು ಬೇರೆ ಮಾತು. ಕುರಿ ಕಾಯುವುದು ಕೀಳೆಂದು ಹೇಳುತ್ತಿಲ್ಲ. ಅದನ್ನು ಮಾಡಬೇಕೆನಿಸಿದರೆ ಬನ್ನಿ. ಮುಖ ತೋರಿಸಲಾಗದೆಂದು ಬರುವುದಾದರೆ ಬೇಡ. ಹುಡುಗರಿಗೆ ಕಲಿಸಲು ಬೆರಳಿಗಿಂತ ಕಿವಿ ಬೇಕು, ತಾಳ್ಮೆ ಬೇಕು. ನನ್ನಂಥವಳ ಪ್ರಶ್ನೆಗಳಿಗೆ ಇಷ್ಟು ದಿನ ಉತ್ತರ ಬರೆದಿರಿ, ಆ ಕಿವಿ, ಆ ತಾಳ್ಮೆ ನಿಮ್ಮಲ್ಲಿವೆ.

ಮಾವನವರನ್ನು ಕೇಳಿದೆ.

“ಮಾವಾ, ನಾ ಅಂಬಾಲಾಕ್ಕ ಹೋಗ್ತೇನ್ರಿ.”

“ಅವ ಕರದಾನೇನು?”

“ಇಲ್ರಿ. ಕರೀಲಿ ಅಂತ ಕಾಯ್ಕೋತ ಕುಂತ್ರ ಅವ್ರು ಬಿಡುಗಡಿ ತಗೊಂಡು ಬರ್ತಾರ.”

ಅವರು ಕುರಿಗೆ ಹಾಕುತ್ತಿದ್ದ ಸೊಪ್ಪು ಕೆಳಗಿಟ್ಟರು. “ಅಲ್ಲಿ ಹೋಗಿ ಏನ್ ಮಾಡ್ತಿ?”

“ವಿಮಾನ ಹತ್ರದಿಂದ ನೋಡ್ತೇನ್ರಿ. ಕೈಯಿಂದ ಮುಟ್ಟಿ ನೋಡಬೇಕು. ಸಾಹೇಬ್ರ ರಾತ್ರಿ ಮಾತಿಗಿ ಇನ್ನಾ ಜವಾಬು ಕೊಡಬೇಕು.”

ಬಿಸ್ಮಿಲ್ಲಾಬೀ ಒಳಗಿನಿಂದಲೇ, “ಕಳಿಸ್ರಿ ಅಣ್ಣಾ. ನನ್ನ ಮಗ ಬರೋತನ ನಿಮಗ ರೊಟ್ಟಿ ನಾ ಬಡೀತೇನಿ” ಎಂದರು. ಮಾವನವರ ತುಟಿಯ ತುದಿಯಲ್ಲಿ ನಗು ಬಂತು. ಅವರ ರೊಟ್ಟಿ ನನ್ನ ರೊಟ್ಟಿಗಿಂತ ಚೆಂದ ಎಂದು ಊರಿಗೆಲ್ಲ ಗೊತ್ತಿದೆ.

ನೀವು ಅಂಬಾಲಾದ ಕೆಲಸಕ್ಕೆ ಒಪ್ಪಿಗೆ ಬರೆದುಕೊಡಿ. ಯುಗಾದಿ ಮುಗಿಸಿ ಹೊರಡುತ್ತೇನೆ. ದಿಲ್ಲಿಯವರೆಗೆ ಮಾವನವರು ಬರುತ್ತಾರೆ. ಅಲ್ಲಿಂದ ನಿಮ್ಮ ಜವಾಬ್ದಾರಿ. ದಿನ, ಗಾಡಿ ಎಲ್ಲ ತಾರು ಮಾಡಿ ತಿಳಿಸುತ್ತೇವೆ.

ಒಂದು ಮಾತು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಇಷ್ಟು ಕಾಗದಗಳಾದ ಮೇಲೆ ನಿಮ್ಮ ಮನಸ್ಸು ನನಗೆ ಗೊತ್ತು. ಮುಖ ಮಾತ್ರ ಸರಿಯಾಗಿ ನೆನಪಿಲ್ಲ. ಮದುವೆಯಲ್ಲಿ ಬಾಸಿಂಗದ ಮರೆಯಿತ್ತು, ಆಮೇಲೆ ನಾನು ತಲೆಯೆತ್ತಿ ನೋಡಲಿಲ್ಲ. ದಿಲ್ಲಿಯ ಸ್ಟೇಷನ್ನಿನಲ್ಲಿ ಖಾಕಿ ಹಾಕಿದವರು ನೂರು ಜನ ಇರುತ್ತಾರಂತೆ. ಅಲ್ಲಿ ಯಾರಿದ್ದರೂ ಇರಲಿ, ಮಾವನವರು ಪಕ್ಕದಲ್ಲೇ ಇದ್ದರೂ ಇರಲಿ, ನೀವೇ ಮೊದಲು ನನ್ನ ಹೆಸರು ಹಿಡಿದು ಗಟ್ಟಿಯಾಗಿ ಕರೆಯಿರಿ.

ಸುಭದ್ರಾ